ಉಪ್ಪನ ಎಡಗಾಲು, ಕ್ಲಚ್ಚಿನ ಚರಿತ್ರೆ

ಘಟ್ಟ ಹತ್ತಿ ಹೋಗಿ ಅಂಗಡಿ ಇಟ್ಟ ಬ್ಯಾರಿಗಳ ಬಗ್ಗೆ ನಮ್ಮಲ್ಲಿ ಅಷ್ಟಿಷ್ಟು ಬರವಣಿಗೆ ಬಂದಿದೆ. ಯಾರು ಯಾವ ಊರಿಗೆ ಹೋದರು, ಏನು ಮಾರಿದರು, ಮಕ್ಕಳನ್ನು ಎಲ್ಲಿ ಓದಿಸಿದರು ಎಂಬುದೆಲ್ಲ ಮನೆಮನೆಯಲ್ಲೂ ಹೇಳುವ ಕತೆ. ಆ ಅಂಗಡಿಗೆ ಸಾಮಾನು ಹೊತ್ತು ತಂದ ಗಾಡಿಯ ಕತೆ ಮಾತ್ರ ಯಾರೂ ಹೇಳುವುದಿಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಚರಿತ್ರೆ ಓದಿದವನಲ್ಲ. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದ, ಗಾಡಿಯ ಒಂದು ಭಾಗದಿಂದ ಶುರು ಮಾಡುತ್ತೇನೆ. ಆ ಭಾಗದ ಹೆಸರು ಕ್ಲಚ್. ಅದನ್ನು ಬದಲಿಸುವುದೇ ಹಲವು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ಅದನ್ನು ಮೊದಲ ಸಲ ಬದಲಿಸಿದ್ದು ನನ್ನ ಉಪ್ಪನ ಗಾಡಿಯಲ್ಲಿ. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪು ಇಂದಿಗೂ ನಮ್ಮ ಮನೆಯಲ್ಲಿ ಕುಂಟುತ್ತಾ ನಡೆಯುತ್ತಿದೆ.

ಅಮರಾಪುರ

ಉಪ್ಪ ಬಂಟ್ವಾಳದ ಕಡೆಯವರು. ಇಪ್ಪತ್ತರ ಪ್ರಾಯದಲ್ಲಿ ದೂರದ ಸಂಬಂಧಿಕರೊಬ್ಬರ ಜೊತೆ ಅಮರಾಪುರಕ್ಕೆ ಹೋಗಿ, ಮೊದಲು ಅವರ ಅಂಗಡಿಯಲ್ಲಿ ದುಡಿದು, ಆಮೇಲೆ ತಮ್ಮದೇ ದಿನಸಿ ಅಂಗಡಿ ಇಟ್ಟರು. ಅಮರಾಪುರ ಇರುವುದು ಆಂಧ್ರದ ಮಡಕಶಿರಾ ತಾಲೂಕಿನ ಕಡೆ. ಹಿಂದೆ ಅನಂತಪುರ ಜಿಲ್ಲೆ, 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ನಕ್ಷೆಯಲ್ಲಿ ಆಂಧ್ರ, ಆದರೆ ಸಂತೆಯಲ್ಲಿ, ಮನೆಯಲ್ಲಿ, ಜಗಳದಲ್ಲಿ ಕನ್ನಡ. ಪಕ್ಕದ ಹೇಮಾವತಿ ಒಂದು ಕಾಲದಲ್ಲಿ ನೊಳಂಬ ಅರಸರ ರಾಜಧಾನಿ ಹೆಂಜೇರು. ಒಂದು ಕಡೆ ನಮ್ಮ ಸಿರಾ ತಾಲೂಕು, ಇನ್ನೊಂದು ಕಡೆ ಮಡಕಶಿರಾ, ಅದರಾಚೆ ಹಿಂದೂಪುರ.

ಇನ್ನೊಂದು ವಿಷಯ ನಮ್ಮವರಲ್ಲಿ ಹೆಚ್ಚಿನವರಿಗೆ ನೆನಪಿಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಮಂಗಳೂರೂ ಮಡಕಶಿರಾವೂ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದವು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಅನಂತಪುರ ಜಿಲ್ಲೆ ಅತ್ತ ಹೋಯಿತು. 1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಉಪ್ಪ ಪರರಾಜ್ಯಕ್ಕೆ ಹೋದರು ಎಂದು ನಾವು ಹೇಳುವುದು ಪೂರ್ತಿ ಸರಿಯಲ್ಲ. ಅವರ ಅಜ್ಜನ ಕಾಲದಲ್ಲಿ ಅದು ಒಂದೇ ಸರಕಾರ.

ಊರಿನವರು ಉಪ್ಪನನ್ನು 'ಮಂಗ್ಳೂರು ಸಾಬ್ರು' ಎನ್ನುತ್ತಿದ್ದರು. ಅಲ್ಲಿಯ ಮುಸ್ಲಿಮರು ದಖನಿ ಉರ್ದು ಮಾತಾಡುವವರು. ಉಪ್ಪ ಉಮ್ಮನ ಜೊತೆ ಬ್ಯಾರಿಯಲ್ಲಿ ಮಾತಾಡಿದರೆ ಅಂಗಡಿಗೆ ಬಂದವರು ಮಲಯಾಳವೋ ತುಳುವೋ ಎಂದು ಕೇಳುತ್ತಿದ್ದರು. ಉಪ್ಪ ನಕ್ಕು, 'ಎರಡರ ನಡುವಿನದ್ದು' ಎನ್ನುತ್ತಿದ್ದರು.

ಮಾಲು ತರಲು ಉಪ್ಪ ಒಂದು ಹಳೆಯ ಡೀಸೆಲ್ ವ್ಯಾನು ಕೊಂಡಿದ್ದರು. ಡ್ರೈವರಿಗೆ ಸಂಬಳ ಕೊಡುವಷ್ಟು ವ್ಯಾಪಾರ ಇರಲಿಲ್ಲ, ಹಾಗಾಗಿ ತಾವೇ ಓಡಿಸುತ್ತಿದ್ದರು. ವಾರಕ್ಕೆ ಎರಡು ಸಲ ಸಿರಾ ಅಥವಾ ಹಿಂದೂಪುರ, ತಿಂಗಳಿಗೊಮ್ಮೆ ಬೆಂಗಳೂರು. ಹೋಗುವಾಗ ಯಾರದ್ದಾದರೂ ಕಡಲೆಕಾಯಿ ಚೀಲ, ಬರುವಾಗ ಸಕ್ಕರೆ, ಎಣ್ಣೆ, ಸೋಪು. ನಾನು ಮಂಗಳೂರಿನ ಕದ್ರಿಯ ಕೆಪಿಟಿಯಲ್ಲಿ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾಗ, ರಜೆಯಲ್ಲಿ ಹೋದ ನನಗೆ ಉಪ್ಪ ಹೇಳಿದ್ದು, 'ಮೋನೆ, ಗಾಡಿ ಕೂಗುತ್ತದೆ, ಓಡುವುದಿಲ್ಲ.'

ಅದಕ್ಕೆ ನಮ್ಮ ಭಾಷೆಯಲ್ಲಿ ಕ್ಲಚ್ ಜಾರುವುದು ಎನ್ನುತ್ತಾರೆ. ನಾವು ಅದಕ್ಕೆ ಏನು ಮಾಡಿದೆವು ಎಂದು ಹೇಳುವ ಮೊದಲು ಕ್ಲಚ್ ಎಲ್ಲಿಂದ ಬಂತು ಎಂದು ನೋಡೋಣ.

ಚರ್ಮದಿಂದ ಶುರು

ಎಂಜಿನ್ ನಿಲ್ಲದೆ ತಿರುಗುತ್ತಿರಬೇಕು, ಆದರೆ ಚಕ್ರ ಬೇಕೆಂದಾಗ ಮಾತ್ರ ತಿರುಗಬೇಕು. ಇಷ್ಟೇ ಸಮಸ್ಯೆ. ಹಳೆಯ ಅಕ್ಕಿ ಗಿರಣಿ ನೋಡಿದವರಿಗೆ ಇದರ ಉತ್ತರ ಗೊತ್ತಿದೆ. ಅಲ್ಲಿ ಒಂದೇ ದಂಡದ ಮೇಲೆ ಎರಡು ರಾಟೆಗಳು ಇರುತ್ತವೆ. ಒಂದು ಸುಮ್ಮನೆ ತಿರುಗುವುದು, ಇನ್ನೊಂದು ದಂಡಕ್ಕೆ ಬಿಗಿದದ್ದು. ಕೋಲಿನಿಂದ ಬೆಲ್ಟನ್ನು ಸುಮ್ಮನೆ ತಿರುಗುವ ರಾಟೆಯಿಂದ ಬಿಗಿದ ರಾಟೆಗೆ ತಳ್ಳಿದರೆ ಗಿರಣಿ ಓಡುತ್ತದೆ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇದ್ದದ್ದೂ ಇದೇ ಉಪಾಯ.

ಎಂಜಿನ್ ಬಲ ಹೆಚ್ಚಾದಂತೆ ಬೆಲ್ಟು ಸಾಲದಾಯಿತು. ಆಗ ಬಂದದ್ದು ಶಂಕುವಿನ ಆಕಾರದ ಕ್ಲಚ್. ಫ್ಲೈವೀಲಿನಲ್ಲಿ ಬಟ್ಟಲಿನ ಹಾಗೆ ಒಂದು ಗುಂಡಿ, ಅದರೊಳಗೆ ಹೋಗಿ ಕೂರುವ ಶಂಕು, ಶಂಕುವಿನ ಮೈಗೆ ಚರ್ಮ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಾರುಗಳಲ್ಲಿ ಇದೇ ಸಾಮಾನ್ಯ. ಚರ್ಮ ಒಣಗಿದರೆ ಗಬಕ್ಕನೆ ಹಿಡಿದು ಗಾಡಿ ಎಗರುತ್ತಿತ್ತು. ಆಗ ಅದಕ್ಕೆ ಹರಳೆಣ್ಣೆ ಹಚ್ಚುತ್ತಿದ್ದರು. ಎಣ್ಣೆ ಹೆಚ್ಚಾದರೆ ಜಾರುತ್ತಿತ್ತು. ಆಗ ಮಣ್ಣಿನ ಪುಡಿ ಉದುರಿಸುತ್ತಿದ್ದರು. ಹಿಡಿತ ಬೇಕೆಂದರೆ ನಯ ಹೋಗುತ್ತದೆ, ನಯ ಬೇಕೆಂದರೆ ಹಿಡಿತ ಹೋಗುತ್ತದೆ. ಈ ತಕರಾರು ಆ ದಿನದಿಂದ ಇಂದಿನವರೆಗೆ ಮುಗಿದಿಲ್ಲ.

ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬವರು 1897ರಲ್ಲಿ ಘರ್ಷಣೆಯ ಸಾಮಗ್ರಿಗಳ ಕೆಲಸ ಶುರು ಮಾಡಿದರು. ಇಳಿಜಾರಿನಲ್ಲಿ ಕುದುರೆಗಾಡಿ ನಿಲ್ಲಿಸಲು ರೈತರು ಬ್ರೇಕಿನ ಕಟ್ಟೆಗೆ ಹಳೆಯ ಬೂಟಿನ ಚರ್ಮ ಕಟ್ಟುವುದನ್ನು ನೋಡಿ ಅವರಿಗೆ ಈ ವಿಚಾರ ಹೊಳೆಯಿತಂತೆ. ಫ್ರೂಡ್ ಎಂಬ ಹೆಸರಿನ ಅಕ್ಷರಗಳನ್ನು ತಿರುಗಿಸಿ, ಒಂದು ಅಕ್ಷರ ಸೇರಿಸಿ ಮಾಡಿದ್ದೇ ಫೆರೋಡೋ ಎಂಬ ಹೆಸರು. ಚರ್ಮ ಹೋಗಿ ಹತ್ತಿ ಬಂತು, ಹತ್ತಿಯ ಜಾಗಕ್ಕೆ ಕಲ್ನಾರು ಬಂತು. ಕಲ್ನಾರು ಬಿಸಿಗೆ ಜಗ್ಗುವುದಿಲ್ಲ. ಆದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಳೆಯ ಗ್ಯಾರೇಜುಗಳಲ್ಲಿ ಗೇರ್‌ಬಾಕ್ಸ್ ಇಳಿಸಿದ ಮೇಲೆ ಒಳಗಿನ ಕಂದು ಪುಡಿಯನ್ನು ಬಾಯಿಂದ ಊದುವುದು ರೂಢಿ. ನಾನೂ ಊದಿದ್ದೇನೆ. ಈಗಲೂ ಯಾರಾದರೂ ಹುಡುಗರು ಊದುವುದನ್ನು ಕಂಡರೆ ದಯವಿಟ್ಟು ಬೈಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

1920ರ ದಶಕದ ಹೊತ್ತಿಗೆ ಶಂಕು ಹಿಂದೆ ಸರಿದು ಒಂದೇ ತಟ್ಟೆಯ ಒಣ ಕ್ಲಚ್ ನಿಂತಿತು. ಇವತ್ತು ನಮ್ಮ ಕಾರುಗಳಲ್ಲಿ ಇರುವುದು ಅದೇ. ಎರಡೂ ಮೈಗೆ ಲೈನಿಂಗ್ ಇರುವ ಒಂದು ತಟ್ಟೆ, ಅದರ ಒಂದು ಪಕ್ಕ ಫ್ಲೈವೀಲ್, ಇನ್ನೊಂದು ಪಕ್ಕ ಪ್ರೆಶರ್ ಪ್ಲೇಟ್. ಸ್ಪ್ರಿಂಗು ಪ್ರೆಶರ್ ಪ್ಲೇಟನ್ನು ಸದಾ ಒತ್ತಿ ಹಿಡಿದಿರುತ್ತದೆ. ಪೆಡಲು ತುಳಿದಾಗ ಆ ಹಿಡಿತ ಬಿಡುತ್ತದೆ. ಮೊದಲು ಸುತ್ತಲೂ ಆರೋ ಒಂಬತ್ತೋ ಸುರುಳಿ ಸ್ಪ್ರಿಂಗುಗಳು ಇರುತ್ತಿದ್ದವು. 1930ರ ದಶಕದ ಕೊನೆಗೆ ಅಮೆರಿಕದಲ್ಲಿ ಷೆವರ್ಲೆ ಕಾರುಗಳಿಗೆ ತಟ್ಟೆಯಾಕಾರದ ಒಂದೇ ಡಯಾಫ್ರಾಮ್ ಸ್ಪ್ರಿಂಗು ಬಂತು. ಯುರೋಪಿನಲ್ಲಿ ಅದನ್ನು ಹರಡಿದ್ದು 1965ರಲ್ಲಿ ಹುಟ್ಟಿದ ಜರ್ಮನಿಯ ಲುಕ್ ಕಂಪನಿ. ಡಯಾಫ್ರಾಮಿನ ಗುಣ ಏನೆಂದರೆ, ಪೂರ್ತಿ ತುಳಿದಾಗ ಅದರ ಎದುರೊತ್ತು ಕಡಿಮೆಯಾಗುತ್ತದೆ. ಎಡಗಾಲಿಗೆ ಸಿಕ್ಕ ಮೊದಲ ದೊಡ್ಡ ವಿರಾಮ ಅದು. ಲುಕ್ ಕಂಪನಿಯ ಕಾರ್ಖಾನೆ ನಮ್ಮ ಬೆಂಗಳೂರಿನ ಮಗ್ಗುಲಲ್ಲೇ, ಹೊಸೂರಿನಲ್ಲಿದೆ.

ನಮ್ಮ ಕಡೆಯ ಪ್ರಯೋಗಗಳು

ಕ್ಲಚ್ಚಿನ ಭಾರವನ್ನು ಓಡಿಸುವವನ ಮೇಲಿಂದ ತೆಗೆಯುವ ಯತ್ನ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಇರಾನಿ ಕುಟುಂಬದವರು ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ 1960ರಲ್ಲಿ ಕಟ್ಟಿದ ಕಂಪನಿ ಅದು. 1961ರಿಂದ ಅಲ್ಲಿ ಜಾವಾ ಬೈಕುಗಳು, 1973ರಿಂದ ಯೆಜ್ಡಿ ಹೆಸರಿನವು ಬಂದವು. 1996ರಲ್ಲಿ ಬಾಗಿಲು ಹಾಕಿತು. ಜಾವಾದಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ ಎಂಬುದು ಎಲ್ಲರಿಗೂ ನೆನಪಿದೆ. ಆ ಗೇರ್ ಕಡ್ಡಿ ಒತ್ತಿದಾಗ ಒಳಗೆ ಕ್ಲಚ್ಚೂ ತಾನಾಗಿ ಬಿಡುತ್ತಿತ್ತು ಎಂಬುದು ಹಲವರಿಗೆ ನೆನಪಿಲ್ಲ. ಓಡುತ್ತಿರುವಾಗ ಕೈಯ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದಿತ್ತು.

ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರು ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರೇ ಅದು. ಫೈಬರ್ ಮೈ, 848 ಸಿಸಿ ಎಂಜಿನ್. ಹಗುರವಾದ ಕಾರಣ ಮದರಾಸಿನ ಹತ್ತಿರದ ಶೋಲಾವರಂ ರೇಸುಗಳಲ್ಲಿ ಹೆಸರು ಮಾಡಿತು. ಆಮೇಲೆ 1985ರಲ್ಲಿ ಬಂದ ಮಾರುತಿ ಜಿಪ್ಸಿ ರ್‍ಯಾಲಿಗಳಿಗೆ ಇಳಿಯಿತು. ನಮ್ಮ ರಾಜ್ಯದಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟದ ರ್‍ಯಾಲಿಗಳು ಹುಡುಗರಿಗೆ ಹುಚ್ಚು ಹಿಡಿಸಿದವು. ಕಾಸರಗೋಡಿನ ಮೂಸಾ ಶರೀಫ್ ಗೌರವ್ ಗಿಲ್ ಅವರ ಪಕ್ಕದ ಸೀಟಿನಲ್ಲಿ ಕೂತು ದಾರಿ ಓದಿ ಹೇಳಿ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದದ್ದು ನಮ್ಮ ಕಡೆಯ ಎಷ್ಟೋ ಹುಡುಗರ ಕಣ್ಣು ತೆರೆಸಿತು. ನಾನೂ ಅವರಲ್ಲೊಬ್ಬ. 2016ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಿಕ್ಕಮಗಳೂರಿಗೆ ಬಂದಿತ್ತು. ಅಂಥ ರ್‍ಯಾಲಿಗೆಂದೇ ಕಟ್ಟಿದ ಮೇಲ್ದರ್ಜೆಯ ಕಾರುಗಳಲ್ಲಿ ಗೇರ್ ಒಂದಾದ ಮೇಲೊಂದು ಸಾಲಾಗಿ ಬೀಳುತ್ತದೆ. ಡ್ರೈವರ್ ಕ್ಲಚ್ ತುಳಿಯುವುದು ಮುಖ್ಯವಾಗಿ ಹೊರಡುವಾಗ, ನಿಲ್ಲುವಾಗ. ಅಂದರೆ ಅತಿ ಬಲವಾದ, ಅತಿ ಗಟ್ಟಿಯಾದ ಕ್ಲಚ್ ಇರುವ ಕಾರಿನಲ್ಲೇ ಅದನ್ನು ತುಳಿಯುವುದು ಅತಿ ಕಡಿಮೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾಲ್ಕೇ ದಾರಿ

ಕ್ಲಚ್ ಎಷ್ಟು ಬಲ ದಾಟಿಸಬಲ್ಲದು ಎಂಬುದಕ್ಕೆ ಒಂದು ಸರಳ ಲೆಕ್ಕ ಇದೆ. ನಾಲ್ಕು ಸಂಖ್ಯೆಗಳ ಗುಣಾಕಾರ. ಲೈನಿಂಗ್ ಎಷ್ಟು ಹಿಡಿಯುತ್ತದೆ, ಸ್ಪ್ರಿಂಗು ಎಷ್ಟು ಒತ್ತುತ್ತದೆ, ಆ ಹಿಡಿತ ನಡುವಿನಿಂದ ಎಷ್ಟು ದೂರದಲ್ಲಿದೆ, ಉಜ್ಜುವ ಮೈ ಎಷ್ಟು. ಲೈನಿಂಗಿನ ಹಿಡಿತ 0.3, ಸ್ಪ್ರಿಂಗಿನ ಒತ್ತು 5,000 ನ್ಯೂಟನ್, ಅಂದರೆ ಸುಮಾರು 500 ಕಿಲೋ ಹೇರಿದಷ್ಟು, ದೂರ 9 ಸೆಂಟಿಮೀಟರ್, ಮೈ ಎರಡು ಎಂದಿಟ್ಟುಕೊಳ್ಳಿ. ಗುಣಿಸಿದರೆ 270 ನ್ಯೂಟನ್ ಮೀಟರ್. ಎಂಜಿನ್ 200 ಕೊಟ್ಟರೆ ಈ ಕ್ಲಚ್ ಆರಾಮ. ಟರ್ಬೊ ಹಾಕಿ, ಕಂಪ್ಯೂಟರಿನಲ್ಲಿ ಲೆಕ್ಕ ತಿದ್ದಿ 330 ಮಾಡಿದರೆ ಜಾರುತ್ತದೆ.

ಜಾರುವ ಕ್ಲಚ್ಚನ್ನು ಹಿಡಿಯುವಂತೆ ಮಾಡಲು ನಾಲ್ಕೇ ದಾರಿ. ಲೈನಿಂಗ್ ಬದಲಿಸಿ ಸಿರಾಮಿಕ್ ಹಾಕಬಹುದು, ಆಗ ಗಬಕ್ಕನೆ ಹಿಡಿದು ಗಾಡಿ ನಡುಗುತ್ತದೆ. ತಟ್ಟೆ ದೊಡ್ಡದು ಮಾಡಬಹುದು, ಆದರೆ ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದೊಳಗೆ ಜಾಗ ಅಷ್ಟೇ. ಎರಡು ತಟ್ಟೆ ಹಾಕಬಹುದು, ದುಡ್ಡು ಬೇಕು. ಇಲ್ಲವೇ ಸ್ಪ್ರಿಂಗು ಗಟ್ಟಿ ಮಾಡಬಹುದು. ಇದು ಎಲ್ಲಕ್ಕಿಂತ ಅಗ್ಗ. ಆದರೆ ಬೇರೇನೂ ಬದಲಿಸದೆ ಸ್ಪ್ರಿಂಗಿನ ಒತ್ತು ನೂರಕ್ಕೆ ನಲವತ್ತು ಹೆಚ್ಚಿಸಿದರೆ ಪೆಡಲೂ ಹೆಚ್ಚು ಕಡಿಮೆ ಅಷ್ಟೇ ಗಟ್ಟಿಯಾಗುತ್ತದೆ. ತುಳಿದಾಗಲೆಲ್ಲ ಆ ಒತ್ತು ಎಂಜಿನಿನ ಕ್ರ್ಯಾಂಕಿನ ಪಕ್ಕದ ವಾಷರಿನ ಮೇಲೂ ಬೀಳುತ್ತದೆ.

ಅಮರಾಪುರದ ಮೆಕ್ಯಾನಿಕ್ ಡಿಪ್ಲೊಮಾ ಇಲ್ಲದೆಯೇ ಇದೆಲ್ಲ ತಿಳಿದವರು. ಅವರ ಕೈ ಪಳಗಿದ್ದು ಟ್ರ್ಯಾಕ್ಟರುಗಳಲ್ಲಿ. ಟ್ರ್ಯಾಕ್ಟರಿನ ಜೋಡಿ ಕ್ಲಚ್ಚಿನಲ್ಲಿ ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಪೂರ್ತಿ ತುಳಿದರೆ ಹಿಂದಿನ ಕಡಲೆಕಾಯಿ ಬಿಡಿಸುವ ಯಂತ್ರವೂ ನಿಲ್ಲುತ್ತದೆ. ಅವರು ನಮ್ಮ ವ್ಯಾನಿನ ತಟ್ಟೆ ಇಳಿಸಿ ನೋಡಿ, 'ಸಾಬ್ರೆ, ಲೈನಿಂಗ್ ಸುಟ್ಟೋಗೈತೆ. ಹೊಸಾದು ಹೊಡ್ಸಣ. ಆದ್ರೆ ನೀವು ಹಾಕೋ ಲೋಡಿಗೆ ಅದೂ ತಡ್ಯಾಕಿಲ್ಲ. ಲೋಡ್ ಕಮ್ಮಿ ಮಾಡಿ' ಎಂದರು.

ಲೋಡು ಕಡಿಮೆ ಮಾಡಿದರೆ ವಾರಕ್ಕೆ ಮೂರು ಟ್ರಿಪ್ಪು. ಡೀಸೆಲ್ ಯಾರು ಕೊಡುವುದು? ಆಗ ನಾನು ನನ್ನ ಎರಡನೇ ವರ್ಷದ ಜ್ಞಾನ ತೋರಿಸಿದೆ. ಇನ್ನೂ ಭಾರದ ಗಾಡಿಯೊಂದರ ಪ್ರೆಶರ್ ಪ್ಲೇಟು ಅದೇ ಅಳತೆಗೆ ಕೂರುತ್ತದೆ, ಸ್ಪ್ರಿಂಗು ಗಟ್ಟಿ, ಜಾರುವುದಿಲ್ಲ ಎಂದೆ. ಮೆಕ್ಯಾನಿಕ್ ಒಂದು ಕ್ಷಣ ಸುಮ್ಮನಿದ್ದು, 'ಕಾಲಿಗೆ ಬತ್ತದೆ ಅಲ್ವಾ?' ಎಂದು ಕೇಳಿದರು. ನಾನು, 'ಅಭ್ಯಾಸ ಆಗುತ್ತದೆ' ಎಂದೆ. ಉಪ್ಪ ನನ್ನ ಮುಖ ನೋಡಿ, 'ಮೋನೆ ಓದಿದವನಲ್ಲವಾ, ಹಾಕಿ' ಎಂದರು.

ಹಾಕಿದೆವು. ಗಾಡಿ ಜಾರುವುದು ನಿಂತಿತು. ಸಕ್ಕರೆ ಚೀಲ ತುಂಬಿಕೊಂಡು ಏರು ಹತ್ತಿತು. ನಾನು ಹೆಮ್ಮೆಯಿಂದ ಮಂಗಳೂರಿಗೆ ಹೋದೆ.

ಶಾರ್ಜಾದ ಕಾರು

ಡಿಪ್ಲೊಮಾ ಮುಗಿದು, ಒಂದೆರಡು ವರ್ಷ ಮಂಗಳೂರಿನಲ್ಲಿ ದುಡಿದು, ನಮ್ಮ ಎಲ್ಲರ ಹಾಗೆ ನಾನೂ ಗಲ್ಫಿಗೆ ಹೋದೆ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜು. ಮೇಸ್ತ್ರಿ ಉಪ್ಪಳದವರು, ಅವರನ್ನು ನಾವೆಲ್ಲ ಕಾಕ ಎನ್ನುತ್ತಿದ್ದೆವು. ಬರುವ ಗಾಡಿಗಳಲ್ಲಿ ಅರ್ಧ ಸ್ಪೋರ್ಟ್ಸ್ ಕಾರುಗಳು, ಅದರಲ್ಲೂ ಮ್ಯಾನುಯಲ್ ಗೇರಿನವು. ಬಲ ಹೆಚ್ಚಿಸಿದ ಮೇಲೆ ಮೊದಲು ಸೋಲುವುದು ಕ್ಲಚ್. ಹಾಗಾಗಿ ನನಗೆ ಕೆಲಸಕ್ಕೆ ಬರ ಇರಲಿಲ್ಲ.

ಒಬ್ಬ ಹುಡುಗ ಎರಡು ಬಾಗಿಲಿನ ಜಪಾನೀ ಕಾರು ತಂದ. ಟರ್ಬೊ ಹಾಕಿಸಿದ್ದ. ನಾಲ್ಕನೇ ಗೇರಿನಲ್ಲಿ ಒತ್ತಿದರೆ ಮುಳ್ಳು ಮೇಲೇರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಉಪ್ಪನ ವ್ಯಾನಿನ ಕಾಯಿಲೆಯೇ. ಅವನಿಗೆ ಬೇಕಾದದ್ದು ರೇಸಿನವರು ಹಾಕುವ ಕ್ಲಚ್. ಆರು ಸಿರಾಮಿಕ್ ತುಂಡುಗಳ ತಟ್ಟೆ, ಗಟ್ಟಿ ಪ್ರೆಶರ್ ಪ್ಲೇಟು, ಹಗುರ ಫ್ಲೈವೀಲು. ಆ ಕಾರಿನಲ್ಲಿ ಇದ್ದದ್ದು ಜೋಡಿ ಫ್ಲೈವೀಲು. ಎರಡು ತುಂಡು, ನಡುವೆ ಸ್ಪ್ರಿಂಗು, ಎಂಜಿನಿನ ನಡುಕ ಗೇರ್‌ಬಾಕ್ಸಿಗೆ ಹೋಗದಂತೆ ತಡೆಯುವುದಕ್ಕೆ. ಅದನ್ನು ತೆಗೆದು ಒಂದೇ ತುಂಡಿನದ್ದು ಹಾಕಿದರೆ ಎಂಜಿನ್ ಬೇಗ ಏರುತ್ತದೆ, ಆದರೆ ನಿಂತಾಗ ಗೇರ್‌ಬಾಕ್ಸ್ ಕಲ್ಲು ತುಂಬಿದ ಡಬ್ಬದ ಹಾಗೆ ಸದ್ದು ಮಾಡುತ್ತದೆ. ಇದೆಲ್ಲ ಕಾಕ ಅವನಿಗೆ ಹೇಳಿದರು. ಅವನು ಕೇಳಲಿಲ್ಲ. ಹಾಕಿಕೊಟ್ಟೆವು.

ಎರಡು ವಾರದಲ್ಲಿ ಅವನು ವಾಪಸು ಬಂದ. ಶಾರ್ಜಾದಿಂದ ದುಬೈಗೆ ಬೆಳಗ್ಗಿನ ದಾರಿ ಹೇಗಿರುತ್ತದೆ ಎಂದು ಅಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಒಂದು ಗಾಡಿಯುದ್ದ ಹೋಗುವುದು, ನಿಲ್ಲುವುದು. ಸಿರಾಮಿಕ್ ಅರ್ಧ ಹಿಡಿತ ಅರಿಯದು, ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಗಾಡಿ ಎಗರುತ್ತದೆ. ಅವನು ಕಾರಿನಿಂದ ಇಳಿದವನೇ ಎಡ ಮೊಣಕಾಲು ಹಿಡಿದು, 'ಇದನ್ನು ತೆಗೆಯಿರಿ' ಎಂದ. ಇಪ್ಪತ್ತೆರಡರ ಹುಡುಗ!

ತೆಗೆದೆವು. ಜೋಡಿ ಫ್ಲೈವೀಲನ್ನೇ ಮತ್ತೆ ಕೂರಿಸಿ, ಸಾದಾ ಲೈನಿಂಗಿನ ಒಳ್ಳೆಯ ತಟ್ಟೆ, ಸ್ವಲ್ಪವೇ ಹೆಚ್ಚಿನ ಒತ್ತಿನ ಪ್ರೆಶರ್ ಪ್ಲೇಟು ಹಾಕಿದೆವು. ಟರ್ಬೊದ ಒತ್ತಡ ಸ್ವಲ್ಪ ಇಳಿಸಿದೆವು. ಮೊದಲ 800 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಲೈನಿಂಗ್ ಕೂರಲಿ ಎಂದು ಹೇಳಿ ಕಳಿಸಿದೆವು. ಆಮೇಲೆ ಅವನು ಬಂದದ್ದು ಸಿಹಿ ತಿಂಡಿ ಕೊಡುವುದಕ್ಕೆ.

ಆ ರಾತ್ರಿ ರೂಮಿನಲ್ಲಿ ನನಗೆ ನಿದ್ರೆ ಬರಲಿಲ್ಲ. ಅವನಿಗೆ ಎರಡು ವಾರದಲ್ಲಿ ತಡೆಯಲಾಗಲಿಲ್ಲ, ಎರಡನೇ ಸಲ ದುಡ್ಡು ಕೊಟ್ಟು ತೆಗೆಸಿಕೊಂಡ. ನನ್ನ ಉಪ್ಪ ಆ ಪೆಡಲನ್ನು ಎಷ್ಟು ವರ್ಷ ತುಳಿದರು? ಹಿಂದಿನ ವರ್ಷ ಉಮ್ಮ ಫೋನಿನಲ್ಲಿ ಹೇಳಿದ್ದರು, ಉಪ್ಪ ಈಗ ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತಾರೆ ಎಂದು. ಪ್ರಾಯ ಆಯಿತು ಎಂದುಕೊಂಡು ನಾನು ಸುಮ್ಮನಾಗಿದ್ದೆ. ಯಾವ ಕಾಲು ಎಂದು ಕೇಳಿರಲೇ ಇಲ್ಲ. ಮರುದಿನ ಕೇಳಿದೆ. ಎಡಗಾಲು.

ರೇಸಿನ ಕಾರಿನಲ್ಲಿ ಗಟ್ಟಿ ಕ್ಲಚ್ ನಡೆಯುವುದು ಅದನ್ನು ತುಳಿಯುವುದು ಕಡಿಮೆಯಾದ್ದರಿಂದ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಉಪ್ಪನ ಪಕ್ಕ ಕೂತು ಎಣಿಸಿದೆ. ಹಿಂದೂಪುರಕ್ಕೆ ಹೋಗಿ ಪೇಟೆಯ ಮೂರು ಅಂಗಡಿ ಸುತ್ತಿ ಬರುವಷ್ಟರಲ್ಲಿ ಎಣಿಕೆ ಇನ್ನೂರು ದಾಟಿತ್ತು. ಏರಿನಲ್ಲಿ ಪೆಡಲು ತುಳಿಯುವಾಗ ಅವರು ಕೈಯಿಂದ ತೊಡೆಯನ್ನು ಒತ್ತಿ ಸಹಾಯ ಮಾಡುತ್ತಿದ್ದರು. ಅದನ್ನು ನಾನು ನೋಡಿದ್ದು ಅವರಿಗೆ ಗೊತ್ತಾಗಬಾರದೆಂದು ಕಿಟಕಿಯ ಕಡೆ ತಿರುಗಿದೆ.

ಮೂಳೆಯ ಡಾಕ್ಟರು ಒಂದೇ ಕಾರಣ ಹೇಳಲಿಲ್ಲ. ಪ್ರಾಯ, ತೂಕ, ಚೀಲ ಎತ್ತಿದ್ದು, ಎಲ್ಲ ಸೇರಿರುತ್ತದೆ ಎಂದರು. ಬಲಗಾಲಿಗಿಂತ ಎಡಗಾಲಿನ ಸವೆತ ಹೆಚ್ಚು ಎಂಬುದನ್ನು ಮಾತ್ರ ಎಕ್ಸ್‌ರೇ ತೋರಿಸಿ ಹೇಳಿದರು. ಅದರಲ್ಲಿ ಎಷ್ಟು ಪಾಲು ನನ್ನದು ಎಂದು ಲೆಕ್ಕ ಹಾಕಲು ಯಾವ ಸೂತ್ರವೂ ಇಲ್ಲ. ನಾನು ಅದನ್ನು ಸೊನ್ನೆ ಎಂದೂ ಬರೆಯಲಾರೆ.

ಪೆನುಕೊಂಡದ ಕಾರು

ಅದೇ ಜಿಲ್ಲೆಯಲ್ಲಿ ಒಂದು ಬದಲಾವಣೆ ಆಗುತ್ತಿತ್ತು. 2017ರಲ್ಲಿ ಕೊರಿಯಾದ ಕಿಯಾ ಕಂಪನಿ ಆಂಧ್ರ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡು ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ಕಾರ್ಖಾನೆ ಕಟ್ಟಿತು. ಶುರುವಿನಲ್ಲಿ ಅದು ವರ್ಷಕ್ಕೆ 3 ಲಕ್ಷ ಕಾರು ಮಾಡಬಲ್ಲ ಕಾರ್ಖಾನೆಯಾಗಿತ್ತು. ಕಡಲೆಕಾಯಿ ಬಿಟ್ಟರೆ ಬೇರೇನೂ ಕಾಣದ ಬಯಲಲ್ಲಿ 2019ರಲ್ಲಿ ಕಾರುಗಳು ಹೊರಬಂದವು. 2020ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಬಂದ ಸೋನೆಟ್ ಕಾರಿನ ಒಂದು ಮಾದರಿಯಲ್ಲಿ ಗೇರ್ ಕಡ್ಡಿ ಇದೆ, ಕ್ಲಚ್ ಪೆಡಲಿಲ್ಲ. ಐಎಂಟಿ ಎನ್ನುತ್ತಾರೆ. ಅದೇ ವರ್ಷ ಸ್ವಲ್ಪ ಮೊದಲು ಹ್ಯುಂಡೈ ವೆನ್ಯೂನಲ್ಲೂ ಇದು ಬಂದಿತ್ತು.

ಅದರೊಳಗೆ ತಟ್ಟೆ, ಪ್ರೆಶರ್ ಪ್ಲೇಟು, ಎಲ್ಲ ಹಳೆಯದೇ ಇದೆ. ಗೇರ್ ಕಡ್ಡಿಗೆ ಕೈ ಹಾಕಿ ಸರಿಸಲು ಹೊರಟಾಗ ಒಂದು ಸೆನ್ಸರ್ ಅದನ್ನು ತಿಳಿದು ಕಂಪ್ಯೂಟರಿಗೆ ಹೇಳುತ್ತದೆ. ಆಗ ಒಂದು ಹೈಡ್ರಾಲಿಕ್ ಯಂತ್ರ ಕ್ಲಚ್ ಬಿಡಿಸುತ್ತದೆ. ಗೇರ್ ನಮ್ಮ ಕೈಯಲ್ಲಿ, ಕ್ಲಚ್ ಅದರ ಕೈಯಲ್ಲಿ. ಮೈಸೂರಿನ ಜಾವಾ ಕಡ್ಡಿ ಒತ್ತಿ ಮಾಡುತ್ತಿದ್ದ ಕೆಲಸಕ್ಕೆ ಈಗ ಸೆನ್ಸರ್ ಬಂದಿದೆ, ಅಷ್ಟೇ. 2014ರಲ್ಲಿ ಬಂದ ಮಾರುತಿ ಸೆಲೆರಿಯೊದ ಎಎಂಟಿಯಲ್ಲಿ ಕ್ಲಚ್ಚಿನ ಜೊತೆ ಗೇರನ್ನೂ ಯಂತ್ರವೇ ನೋಡಿಕೊಳ್ಳುತ್ತದೆ.

ಉಮ್ಮನ ತಮ್ಮನ ಮಗ ಈ ಪೆಡಲಿಲ್ಲದ ಕಾರು ಕೊಂಡಾಗ ಅಮರಾಪುರಕ್ಕೆ ತೋರಿಸಲು ತಂದ. ಉಪ್ಪನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಅವರ ಎಡಗಾಲು ತಾನಾಗಿ ಮುಂದೆ ಹೋಗಿ ಪೆಡಲು ಹುಡುಕಿತು. ಎರಡು ಮೂರು ಸಲ ನೆಲ ತುಳಿದರು. ಆಮೇಲೆ ಅಂಗಡಿಯ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು ಕೇಳಿದರು.

'ಹಾಗಾದರೆ ಇದನ್ನು ತುಳಿಯುವುದು ಯಾರು?'

'ಒಳಗೊಂದು ಯಂತ್ರ ಇದೆ ಉಪ್ಪ, ಅದು ಒತ್ತುತ್ತದೆ.'

'ಅದಕ್ಕೆ ಮಂಡಿನೋವು ಬಂದರೆ ರಿಪೇರಿ ಎಷ್ಟು?'

ಎಲ್ಲರೂ ನಕ್ಕರು. ವ್ಯಾಪಾರಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಕ್ಲಚ್ಚಿನ ಚರಿತ್ರೆಯಲ್ಲಿ ಭಾರ ಎಲ್ಲೂ ಮಾಯವಾಗಿಲ್ಲ. ಚರ್ಮದಿಂದ ಕಲ್ನಾರಿಗೆ ಹೋದಾಗ ಅದು ಮೆಕ್ಯಾನಿಕ್ಕಿನ ಶ್ವಾಸಕೋಶಕ್ಕೆ ಹೋಯಿತು. ಗಟ್ಟಿ ಸ್ಪ್ರಿಂಗು ಹಾಕಿದಾಗ ಮೊಣಕಾಲಿಗೆ ಹೋಯಿತು. ಈಗ ಯಂತ್ರಕ್ಕೆ, ಅದರ ಹಿಂದೆ ಗಾಡಿಯ ಯಜಮಾನನ ಜೇಬಿಗೆ ಹೋಗಿದೆ. ಇಷ್ಟರಲ್ಲಿ ಜೇಬಿಗೆ ಹೋಗುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ಆ ಸಂಜೆ ಅಂಗಡಿ ಮುಚ್ಚುವಾಗ ಆ ಪ್ರೆಶರ್ ಪ್ಲೇಟಿನ ವಿಷಯ ಉಪ್ಪನಿಗೆ ಹೇಳಿದೆ. ಮೆಕ್ಯಾನಿಕ್ ಕೇಳಿದಾಗ ಅಭ್ಯಾಸವಾಗುತ್ತದೆ ಎಂದದ್ದು ತಪ್ಪು ಎಂದೆ. ಅವರು ತಕ್ಕಡಿ ಒರೆಸುತ್ತಾ, 'ಪೆಡಲು ಗಟ್ಟಿಯಾದದ್ದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಮಾಲು ದಾರಿಯಲ್ಲಿ ನಿಲ್ಲುವುದಕ್ಕಿಂತ ಅದು ವಾಸಿ ಅಂತ ಸುಮ್ಮನಿದ್ದೆ' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ಆ ಮೆಕ್ಯಾನಿಕ್ ಹೇಳಿದ್ದು ಕೇಳಬಹುದಿತ್ತು' ಎಂದೂ ಹೇಳಿದರು.

ನಮ್ಮ ಹುಡುಗರಲ್ಲಿ ಕಾರು ಮಾರ್ಪಾಡು ಮಾಡಿಸುವ ಆಸೆ ಈಗ ಬಹಳ. ಮಾಡಿಸಬೇಡಿ ಎಂದು ಹೇಳುವ ಅರ್ಹತೆ ನನಗಿಲ್ಲ, ಅದರಿಂದಲೇ ಉಂಡವನು ನಾನು. ಮೂರು ಮಾತು ಮಾತ್ರ. ನೋಂದಣಿ ಪತ್ರದಲ್ಲಿರುವ ವಿವರಗಳು ಬದಲಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಡೆಯುತ್ತದೆ, ಅದನ್ನು ತಿಳಿದುಕೊಳ್ಳಿ. ಬಲ ಹೆಚ್ಚಿಸುವ ಮೊದಲು ಕ್ಲಚ್ ಎಷ್ಟು ತಡೆಯುತ್ತದೆ ಎಂದು ಕೇಳಿ, ಆಮೇಲಲ್ಲ. ಮತ್ತು ಆ ಗಾಡಿಯನ್ನು ದಿನವೂ ಓಡಿಸುವವರು ಯಾರು ಎಂದು ನೋಡಿ, ಅವರನ್ನೇ ಕೂರಿಸಿ ಪೆಡಲು ತುಳಿಸಿ ನೋಡಿ. ಅವರು 'ಪರವಾಗಿಲ್ಲ' ಎಂದರೆ ಇನ್ನೊಂದು ಸಲ ಕೇಳಿ.

ನಿಮ್ಮ ಮನೆಯಲ್ಲೂ ಘಟ್ಟದ ಮೇಲೆ ಲಾರಿ, ಬಸ್ಸು, ಮೀನಿನ ಗಾಡಿ ಓಡಿಸಿದ ಹಿರಿಯರು ಇರಬಹುದು. ಯಾವ ಗಾಡಿ, ಯಾವ ದಾರಿ, ಏನು ಲೋಡು, ಯಾರು ರಿಪೇರಿ ಮಾಡುತ್ತಿದ್ದರು ಎಂದು ಕೇಳಿ ಬರೆದಿಡಿ. ಜೊತೆಗೆ, ಯಾವ ಕಾಲು ನೋಯುತ್ತದೆ ಎಂದೂ ಕೇಳಿ.